ಹದಿನಾಲ್ಕು ವರ್ಷ, ಹದಿನೇಳು ದಿನ

ಆಯುಧ ಪೂಜೆಯ ದಿನ ಮನೆಯ ಹತ್ಯಾರಗಳೆಲ್ಲ ತವರಿಗೆ ಹೋಗುತ್ತವೆ ಎಂದು ಮಧುಮತಿಯ ಅಜ್ಜಿ ಹೇಳುತ್ತಿದ್ದಳು. ಕುಡುಗೋಲು ಕುಲುಮೆಗೆ ಹೋಗುತ್ತದೆ, ಮೊರ ಬಿದಿರ ಮೆಳೆಗೆ, ಬೀಸುಕಲ್ಲು ತನ್ನನ್ನು ಹೆತ್ತ ಗುಡ್ಡಕ್ಕೆ. ಅರಿಸಿನ ಕುಂಕುಮ ಹಚ್ಚಿ, ಹೂವು ಏರಿಸಿ ಕೈಬಿಟ್ಟರೆ ಸಾಕು. ಒಂದು ದಿನ ಅಲ್ಲಿದ್ದು, ತಾಯಿಯ ಕೈತುತ್ತು ಉಂಡು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಮರುದಿನ ಬೆಳಗಾಗುವುದರೊಳಗೆ ತಮ್ಮ ತಮ್ಮ ಮೂಲೆಗೆ ಬಂದು ಏನೂ ಆಗಿಲ್ಲವೆಂಬಂತೆ ಕೂತಿರುತ್ತವೆ. ಆ ದಿನ ಯಾರಾದರೂ ಅವನ್ನು ಕೆಲಸಕ್ಕೆ ಹಚ್ಚಿದರೆ, ಪಾಪ, ಅರ್ಧ ದಾರಿಯಿಂದ ಅಳುತ್ತ ಹಿಂದಿರುಗಬೇಕಾಗುತ್ತದೆ.

ಮಧುಮತಿ ಈಗ ಮೂವತ್ತೊಂದು ವರ್ಷದವಳು, ಹುಬ್ಬಳ್ಳಿಯ ಹಳೆಯಂತ್ರ ಭಂಡಾರದಲ್ಲಿ ಎಂಜಿನಿಯರು. ತಂತಿ, ಹರಳು, ವಿದ್ಯುತ್ತು ಬಿಟ್ಟರೆ ಯಂತ್ರದೊಳಗೆ ಬೇರೆ ಯಾರೂ ವಾಸವಿಲ್ಲವೆಂದು ಬಲ್ಲವಳು. ಆದರೂ ಆ ವರ್ಷದ ಪೂಜೆಯಲ್ಲಿ, ದೊಡ್ಡವ್ವ ನೀಲವ್ವ ಆರತಿ ತಟ್ಟೆ ತರಲು ಒಳಗೆ ಹೋದ ಹೊತ್ತಿನಲ್ಲಿ, ಅಜ್ಜಿಯ ಕಥೆ ಅವಳ ಕೈಯಿಂದ ಒಂದು ಕೆಲಸ ಮಾಡಿಸಿತು. ಗಿರಣಿಯ ಪಕ್ಕದ ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ದೊಡ್ಡವ್ವ ಪ್ರತಿ ವರ್ಷವೂ ಬರೀ ಪರದೆ ಆರಿಸಿ ಪೂಜೆ ಮಾಡುತ್ತಿದ್ದಳು. ಒಳಗೆ ಅದು ಗುಂಯ್ ಎನ್ನುತ್ತಲೇ ಇರುತ್ತಿತ್ತು. ವರ್ಷಕ್ಕೊಂದು ದಿನವೂ ಇದಕ್ಕೆ ತವರಿಲ್ಲವೇ ಎಂದು ಮಧುಮತಿಗೆ ಕರುಳು ಚುರುಕ್ಕೆಂದಿತು. ಬಗ್ಗಿ ಗೋಡೆಯ ಪ್ಲಗ್ ಕಿತ್ತಳು. ಇನ್ವರ್ಟರಿನ ತಂತಿಯನ್ನೂ ಬಿಡಿಸಿದಳು. ಕೋಣೆ ನಿಶ್ಶಬ್ದವಾಯಿತು. ಯಾರಿಗೂ ಹೇಳಲಿಲ್ಲ.

ಮರುದಿನ ಕಂಪ್ಯೂಟರು ತವರಿನಿಂದ ಬಂದದ್ದೇನೋ ನಿಜ. ಬಂದದ್ದು ನೆನಪು ಕಳೆದುಕೊಂಡು.

ಮನೆಮನೆಯಲ್ಲಿ ಕಂಪ್ಯೂಟರು ಇರುವ ಕಾಲ ಮುಗಿದು ಬಹಳ ವರ್ಷಗಳಾಗಿದ್ದವು. ಈಗ ಗೋಡೆಗಳೇ ಮಾತಾಡುತ್ತಿದ್ದವು, ಗೋಡೆಗಳೇ ಓದಿ ಹೇಳುತ್ತಿದ್ದವು. ಮೇಜಿನ ಮೇಲೆ ಕೂರುವ ಹಳೆಯ ಪೆಟ್ಟಿಗೆಗಳಿಗೆ ಜನ ಡಬ್ಬಿ ಎಂದು ಹೆಸರಿಟ್ಟು ಗುಜರಿಗೆ ಹಾಕಿದ್ದರು. ನೀಲವ್ವನ ಡಬ್ಬಿ ಉಳಿದದ್ದು ಅವಳ ಕಿವಿಯ ದೆಸೆಯಿಂದ. ಹಳೇ ಹುಬ್ಬಳ್ಳಿಯಲ್ಲಿ ಜೋಳ ಬೀಸುವ ಗಿರಣಿ ನಡೆಸುತ್ತಿದ್ದ ಅವಳ ಕಿವಿಗಳನ್ನು ಗಿರಣಿಯ ಸದ್ದೇ ತಿಂದುಹಾಕಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ ಜೋಳದ ಕಾಳಿನಷ್ಟೇ ದೊಡ್ಡದಾದ ಯಂತ್ರವೊಂದನ್ನು ಡಾಕ್ಟರು ಅವಳ ಬಲಗಿವಿಯ ಹಿಂದಿನ ಎಲುಬಿನಲ್ಲಿ ಕೂರಿಸಿದರು. ಜನ ಅದನ್ನು ಕಿವಿಕಾಳು ಎಂದರು. ಅದು ಸದ್ದನ್ನು ಹಿಡಿದು ನೇರ ನರಕ್ಕೆ ಮುಟ್ಟಿಸುತ್ತಿತ್ತು.

ನರವೆಂಬುದು ನಿಂತಲ್ಲಿ ನಿಲ್ಲುವ ವಸ್ತುವಲ್ಲ, ದಿನದಿನಕ್ಕೂ ಒಂದಿಷ್ಟು ಬದಲಾಗುತ್ತದೆ. ಹಾಗಾಗಿ ತೊಂಬತ್ತು ದಿನಕ್ಕೊಮ್ಮೆ ಕಾಳನ್ನು ಶ್ರುತಿ ಮಾಡಬೇಕು. ಡಬ್ಬಿಯೊಳಗೆ ಕಂಪನಿಯವರು ಹಾಕಿಕೊಟ್ಟ ಒಂದು ಕಾರ್ಡು. ಆ ಕಾರ್ಡಿನಿಂದ ಹೊರಟ ತಂತಿಯ ತುದಿಗೆ ಒಂದು ಬಿಲ್ಲೆ. ಬಿಲ್ಲೆಯನ್ನು ಕಿವಿಯ ಹಿಂದೆ ಒತ್ತಿಕೊಂಡು ಕೂತರೆ ಅರ್ಧ ಗಂಟೆಯ ಕೆಲಸ. ನೂರು ದಿನ ದಾಟಿತೋ, ರೋಗಿಯ ಸುರಕ್ಷತೆಗೆಂದು ಕಾಳು ತನಗೆ ತಾನೇ ಬೀಗ ಹಾಕಿಕೊಳ್ಳುತ್ತಿತ್ತು. ಬೀಗದ ಕೈ ಇದ್ದದ್ದು ಕಂಪನಿಯ ಹತ್ತಿರ. ಕಂಪನಿ ಮುಚ್ಚಿಹೋಗಿತ್ತು. ಕಾಳನ್ನು ಕಿತ್ತು ಹೊಸದು ಹಾಕಲು ಬಾರದು, ನರ ಅದರ ಸುತ್ತ ಬೇರು ಬಿಟ್ಟಿದೆ ಎಂದು ಡಾಕ್ಟರು ಎಂದೋ ಕೈಚೆಲ್ಲಿದ್ದರು.

ನೀಲವ್ವನಿಗೀಗ ಅರವತ್ತೆಂಟು. ವಯಸ್ಸಾದ ನರಕ್ಕೆ ತೊಂಬತ್ತು ದಿನ ಕಾಯುವ ತಾಳ್ಮೆ ಇಲ್ಲ. ಎಪ್ಪತ್ತು ದಿನ ದಾಟಿದೊಡನೆ ಸದ್ದಿನ ಮೇಲೆ ಮಂಜು ಕವಿಯುತ್ತಿತ್ತು. ಪೂಜೆಯ ದಿನ ಎಪ್ಪತ್ತೆರಡನೆಯದು. ಶ್ರುತಿ ಮಾಡಿಕೊಳ್ಳಲೆಂದು ಅವಳು ಮರುದಿನ ತಲೆಸ್ನಾನ ಮಾಡಿ ಬಂದು ಡಬ್ಬಿಯ ಮುಂದೆ ಕೂತಳು. ಅಷ್ಟರಲ್ಲಿ ಮಧುಮತಿ ಪ್ಲಗ್ ಮತ್ತೆ ಹಾಕಿಟ್ಟಿದ್ದಳು.

ಡಬ್ಬಿ ಮೂರು ಸಲ ಕೂಗಿತು. ಪರದೆ ಕಪ್ಪಗೇ ಇತ್ತು.

ಅಲ್ಲಿಂದ ಎಂಟು ದಿನ ಮಧುಮತಿ ಪಟ್ಟ ಪಾಡು ಒಂದೆರಡಲ್ಲ. ಮೂರು ಕೂಗೆಂದರೆ ನೆನಪಿನ ಪಟ್ಟಿ ಸರಿಯಾಗಿ ಕೂತಿಲ್ಲವೆಂದು ಅರ್ಥ. ಬಿಚ್ಚಿದರೆ ಒಳಗೆಲ್ಲ ಇಪ್ಪತ್ತು ವರ್ಷದ ಜೋಳದ ಹಿಟ್ಟು, ರೊಟ್ಟಿ ತಟ್ಟಬಹುದಾದಷ್ಟು. ಬ್ರಷ್ಷಿನಿಂದ ಜಾಡಿಸಿದಳು, ಪಟ್ಟಿಯ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜಿದಳು, ಮತ್ತೆ ಕೂರಿಸಿದಳು. ಕೂಗು ನಿಂತಿತು, ಪರದೆ ಬೆಳಗಿತು. ಬೆಳಗಿ, ಇಂದು ಯಾವ ತಾರೀಕು ಎಂದು ಕೇಳಿತು. ಡಬ್ಬಿ ಆರಿದ್ದಾಗ ಕಾಲ ನೋಡಿಕೊಳ್ಳುವ ನಾಣ್ಯದಂಥ ಸೆಲ್ಲು ಸತ್ತು ಯಾವ ಕಾಲವಾಗಿತ್ತೋ! ಅಂಥ ಸೆಲ್ಲನ್ನು ಈಗ ಯಾರೂ ಮಾಡುವುದಿಲ್ಲ. ಭಂಡಾರದ ಪೆಟ್ಟಿಗೆಗಳನ್ನು ಎರಡು ದಿನ ತಡಕಿ ಒಂದನ್ನು ಹುಡುಕಿ ತಂದಳು. ಸರಿಯಾದ ತಾರೀಕು ಬರೆದಳು. ಡಬ್ಬಿ ಎದ್ದಿತು. ಶ್ರುತಿಯ ಕಾರ್ಡಿನ ಹೆಸರಿನ ಪಕ್ಕದಲ್ಲಿ ಒಂದು ಹಳದಿ ತ್ರಿಕೋನ ಎದ್ದು ಕೂತಿತು.

ಆ ಹಳದಿ ತ್ರಿಕೋನ! ಕಾರ್ಡು ಬಿಚ್ಚಿ ಹಾಕಿದಳು, ತ್ರಿಕೋನ. ಬೇರೆ ಸೀಳಿನಲ್ಲಿ ಕೂರಿಸಿದಳು, ತ್ರಿಕೋನ. ಕಾರ್ಡಿಗೂ ಡಬ್ಬಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ದುಭಾಷಿಗೆ ಡ್ರೈವರ್ ಎನ್ನುತ್ತಾರೆ. ಅಂಥ ಹಳೆಯ ಡ್ರೈವರುಗಳನ್ನು ಜೋಪಾನ ಮಾಡುವುದೇ ಭಂಡಾರದ ಕೆಲಸ. ಈ ಕಾರ್ಡಿಗೆ ಅಲ್ಲಿ ಹನ್ನೊಂದು ಡ್ರೈವರು ಸಿಕ್ಕವು. ಹನ್ನೊಂದನ್ನೂ ಹಾಕಿದಳು, ತೆಗೆದಳು, ಹಾಕಿದಳು. ಹನ್ನೊಂದು ಸಲವೂ ತ್ರಿಕೋನ. ರೇಗಿ ಹೋಗಿ ಗೋಡೆಯ ಸಹಾಯವಾಣಿಯನ್ನು ಕೇಳಿದರೆ ಅದು ಬೆಣ್ಣೆಯಂಥ ದನಿಯಲ್ಲಿ, "ದಯವಿಟ್ಟು ನಿಮ್ಮ ಯಂತ್ರವನ್ನು ಒಮ್ಮೆ ಆರಿಸಿ, ಮತ್ತೆ ಹಚ್ಚಿ ನೋಡಿ," ಎಂದಿತು.

"ಆರಿಸಿದ್ದಕ್ಕನ ಇಷ್ಟೆಲ್ಲಾ ಆಗಿದ್ದು, ಮುಂಡೇದೇ!" ಎಂದು ಮಧುಮತಿ ಗೋಡೆಗೆ ಕಿರುಚಿದಳು.

ಒಳಗಿನಿಂದ ನೀಲವ್ವ, "ಯಾರ ಬಂದಾರವಾ?" ಎಂದಳು. ಅವಳಿಗೆ ಕಿರುಚಿದ್ದೂ ಈಗ ಬಾಗಿಲು ತಟ್ಟಿದಷ್ಟೇ ಕೇಳಿಸುತ್ತಿತ್ತು.

ಎಂಬತ್ತನೆಯ ದಿನ ಬೆಳಿಗ್ಗೆ ಭಂಡಾರದಲ್ಲಿ ದಸ್ತಗೀರ ಚಾಚಾ ಆ ಡ್ರೈವರನ್ನು ದೊಡ್ಡ ಪರದೆಯ ಮೇಲೆ ಸೀಳಿ ಹರವಿಕೊಂಡು ಕೂತಿದ್ದರು. ನಿವೃತ್ತಿಯಾಗಿ ಆರು ವರ್ಷವಾದರೂ ಮನೆಯಲ್ಲಿ ಹೊತ್ತು ಹೋಗದೆ ದಿನಾ ಬರುವ ಮನುಷ್ಯ. ಬೆಸುಗೆಯ ಕಡ್ಡಿ ಹಿಡಿದರೆ ಕೈ ನಡುಗದು, ಚಹಾದ ಬಟ್ಟಲು ಹಿಡಿದರೆ ನಡುಗುತ್ತದೆ.

"ಬೇಟಿ, ಇಲ್ಲಿ ನೋಡ ಬಾ. ಡ್ರೈವರ್ ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಸಹಿ ಮುಗದೈತಿ."

"ಯಾರ ಸಹಿ ಚಾಚಾ?"

"ಕಂಪನೀದು. ಇದು ನಮ್ಮದ ಡ್ರೈವರು ಅಂತ ಕಂಪನಿ ಹಾಕಿದ ಸಹಿಗೆ ಒಂದ ಅವಧಿ ಇರತೈತಿ. ಅದು ಮುಗದು ಹದಿನಾಲ್ಕು ವರ್ಷ ಆತು. ಡಬ್ಬಿ ಡ್ರೈವರನ್ನ ಒಳಗ ಕರಕೊಳ್ಳೂ ಮುಂದ ಮಾತ್ರ ಸಹಿ ನೋಡತೈತಿ. ಒಮ್ಮೆ ಒಳಗ ಬಂತಂದ್ರ ಮತ್ತ ಕೇಳಂಗಿಲ್ಲ. ನಿಮ್ಮ ದೊಡ್ಡವ್ವನ ಡಬ್ಬಿ ಅವಧಿ ಮುಗಿಯೂಕಿಂತ ಮೊದಲ ಹಚ್ಚಿದ್ದು. ಆಮ್ಯಾಲೆ ಆರೇ ಇಲ್ಲ." ಚಾಚಾ ಕನ್ನಡಕ ತೆಗೆದು ಅವಳನ್ನು ನೋಡಿದರು. "ಈಗ ಹೆಂಗ ಆರಿತು? ಕರೆಂಟ್ ಹೋಗಿತ್ತೇನು?"

ಮಧುಮತಿ ಪರದೆಯ ಮೇಲಿನ ತಾರೀಕಿಗೆ ಬೆರಳಿಟ್ಟಳು.

"ಡ್ರೈವರಿನಾಗ ತಾರೀಕು ತಿದ್ದಿದ್ರ?" ಎಂದಳು.

"ಒಂದ ಅಕ್ಷರ ತಿದ್ದಿದ್ರೂ ಸಹಿ ಒಡೀತೈತಿ. ಕಿವಿಕಾಳಿಗೂ ಆ ಸಹಿ ಬೇಕು. ಕಂಪನಿಯವರು ಭಾಳ ಶ್ಯಾಣ್ಯಾರು, ಮುಚ್ಚಿ ಹೋಗೂದೊಂದ ಬಿಟ್ಟು ಎಲ್ಲಾ ಯೋಚನೆ ಮಾಡಿದ್ರು."

ಹಾಗಾದರೆ ಡಬ್ಬಿಯ ಗಡಿಯಾರವನ್ನು ಹದಿನಾಲ್ಕು ವರ್ಷ ಹಿಂದಕ್ಕೆ ತಿರುಗಿಸಿದರೆ? ಅಂದೇ ಮಧ್ಯಾಹ್ನ ಓಡಿ ಬಂದು ತಿರುಗಿಸಿದಳು. ಡ್ರೈವರು ಮದುವಣಿಗನಂತೆ ಒಳಗೆ ಬಂತು. ತ್ರಿಕೋನ ಮಾಯ! ಖುಷಿಯಿಂದ ದೊಡ್ಡವ್ವನನ್ನು ಕೂರಿಸಿ ಬಿಲ್ಲೆ ಇಟ್ಟರೆ ಕಿವಿಕಾಳು ಒಪ್ಪಲಿಲ್ಲ. ಅದರೊಳಗೂ ಒಂದು ಗಡಿಯಾರ. ಎರಡರ ತಾರೀಕು ಕೂಡದೆ ಅದು ಬಾಯಿ ಬಿಡುವುದಿಲ್ಲ. ಸರಿ, ಡ್ರೈವರು ಹೇಗೂ ಒಳಗೆ ಬಂದಿದೆಯಲ್ಲ, ಈಗ ಗಡಿಯಾರವನ್ನು ಇಂದಿಗೆ ತಂದರಾಯಿತು ಎಂದು ತಾರೀಕು ಬದಲಿಸಿದಳು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಗಡಿಯಾರ ಜಿಗಿದಿದೆ. ರೋಗಿಯ ಸುರಕ್ಷತೆಗಾಗಿ ಮುಚ್ಚಲಾಗುತ್ತಿದೆ. ಡ್ರೈವರು ಹೊರಗೆ ಹೋಯಿತು, ತ್ರಿಕೋನ ಒಳಗೆ ಬಂತು.

ಏಳು ಸಲ ಹಾಗೇ ಮಾಡಿದಳು. ಒಂದು ತಿಂಗಳು ಜಿಗಿಸಿದಳು, ಒಂದು ದಿನ ಜಿಗಿಸಿದಳು, ಎರಡು ನಿಮಿಷ ಜಿಗಿಸಿದಳು. ಎರಡು ನಿಮಿಷಕ್ಕೂ ಅದೇ ಕೆಂಪು ಅಕ್ಷರ. ಎಂಟನೆಯ ಸಲ ಮೇಜಿನ ಮೇಲೆ ಕೀಲಿಮಣೆ ಕುಕ್ಕಿದಳು.

ಅಷ್ಟರಲ್ಲಿ ಕಮರು ವಾಸನೆ ಬಂತು. ಗಿರಣಿಗೆ ಓಡಿದಳು. ಕಲ್ಲಿನಿಂದ ಇಳಿಯುತ್ತಿದ್ದ ಹಿಟ್ಟು ಕಂದಾಗಿ ಹಬೆಯಾಡುತ್ತಿತ್ತು. ನೀಲವ್ವ ಪಕ್ಕದಲ್ಲೇ ನಿಂತಿದ್ದರೂ ಅವಳಿಗೆ ತಿಳಿದಿರಲಿಲ್ಲ. ಐವತ್ತು ವರ್ಷ ಬರೀ ಕಲ್ಲಿನ ಸದ್ದು ಕೇಳಿ ಹಿಟ್ಟಿನ ಹದ ಹಿಡಿದವಳು. ಮಧುಮತಿ ಮೋಟಾರು ಆರಿಸಿದಳು.

"ಸುಟ್ಟೈತೇನು?" ನೀಲವ್ವ ಹಿಟ್ಟನ್ನು ಬೆರಳಲ್ಲಿ ಹಿಡಿದು ಮೂಸಿದಳು. "ಕಲ್ಲಿನ ಮಾತು ಕೇಳಸವಲ್ದು ಮಧು. ಬರೇ ಸೂಂಯ್ ಅಂತೈತಿ, ನೀರಾಗ ಮುಳಗಿದಂಗ."

ಇನ್ನು ತಡೆಯಲಾಗಲಿಲ್ಲ. ಮಧುಮತಿ ಅವಳ ಬಲಗಿವಿಗೆ ಬಾಯಿ ಹಚ್ಚಿ, ಓಣಿಗೆಲ್ಲ ಕೇಳುವಂತೆ, "ದೊಡ್ಡವ್ವಾ, ಡಬ್ಬಿ ಆರಿಸಿದಾಕಿ ನಾನ! ಪೂಜಿ ದಿನ ಪ್ಲಗ್ ಕಿತ್ತಿದ್ನಿ!" ಎಂದಳು.

ನೀಲವ್ವ ಬೆರಳಿಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಯಾಕ?"

"ಅಜ್ಜಿ ಹೇಳ್ತಿದ್ಲಲ್ಲಾ... ತವರಿಗೆ ಹೋಗ್ತಾವಂತ."

"ಎಂಜಿನಿಯರ್ ಕಲ್ತಾಕಿ ನೀನು!" ತನ್ನ ದನಿ ತನಗೇ ಕೇಳಿಸದೆ ನೀಲವ್ವ ಇನ್ನೂ ಜೋರಾಗಿ ಕೂಗಿದಳು. "ಆ ಮುದುಕಿ ನಿನ್ನ ಉಣಸಾಕ ಕತಿ ಹೇಳ್ತಿತ್ತು. ನೀ ಉಂಡು ಮರತಬಿಡಬೇಕಿತ್ತು. ಕಂಪನಿ ಮನಶಾ ಕಡೀ ಸಲ ಬಂದಾಗ ನನಗ ಹೇಳಿ ಹೋಗಿದ್ದಾ, ಅಮ್ಮಾರ ಇದನ್ನ ಯಾವತ್ತೂ ಆರಿಸಬ್ಯಾಡ್ರಿ ಅಂತ."

"ಅದನ್ನ ನನಗ್ಯಾಕ ಹೇಳಲಿಲ್ಲ ನೀನು?" ಮಧುಮತಿಯೂ ಅವಳ ಕಿವಿಯಲ್ಲೇ ಕೂಗಿದಳು.

"ಯಾಕಂತ ಅಂವಾ ಹೇಳಲಿಲ್ಲ, ನಾ ಕೇಳಲಿಲ್ಲ. ಕಾರಣ ಗೊತ್ತಿರಲಾರದ್ದನ್ನ ಕಲ್ತ ಮಂದಿ ಮುಂದ ಹೇಳಿದ್ರ ನೀವು ನಗತೀರಿ."

ನೀಲವ್ವ ಸುಟ್ಟ ಹಿಟ್ಟನ್ನು ತೆಗೆದು, ಮೋಟಾರಿನ ಪಟ್ಟಾ ಬಿಚ್ಚತೊಡಗಿದಳು. ಕೋಪ ಬಂದಾಗ ಕೈಗೆ ಕೆಲಸ ಬೇಕಾಗುವ ಜಾತಿ ಅವಳದು. ಸಣ್ಣ ಪುಲ್ಲಿ ತೆಗೆದು ಅದಕ್ಕಿಂತ ದೊಡ್ಡದನ್ನು ಮೋಟಾರಿಗೆ ಹಾಕತೊಡಗಿದಳು.

"ಅದೇನ ಮಾಡಾಕತ್ತಿ?"

ಕೇಳಿಸಲಿಲ್ಲ. ಮಧುಮತಿ ಕೈಸನ್ನೆ ಮಾಡಿದಳು.

"ಮೆಣಸಿನಕಾಯಿ ಕಲ್ಲಿಗೆ ಜೋಡಸಾಕತ್ತೀನಿ. ಖಾರಾ ಕುಟ್ಟೂದಾದ್ರೂ ಕಿವಿ ಇಲ್ಲದ ಆಗತೈತಿ. ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿದ್ರ ಕಲ್ಲು ಜೋರ ತಿರಗತೈತಿ. ಕಲ್ಲಿಗೇನ ಗೊತ್ತು, ತಿರಗಸಾಂವ ಎಷ್ಟ ಅವಸರ ಮಾಡ್ಯಾನಂತ? ಅದು ಒಂದಾದ ಮ್ಯಾಲೊಂದು ಸುತ್ತು ಹಾಕತೈತಿ, ಅಷ್ಟ."

ಮಧುಮತಿ ನಿಂತಲ್ಲೇ ನಿಂತಳು. ಒಂದಾದ ಮೇಲೊಂದು ಸುತ್ತು. ಗಡಿಯಾರದ ಜಿಗಿತ ಕಾಯುವ ಡಬ್ಬಿಯ ಆ ದರಿದ್ರ ಪಹರೆ ಸೆಕೆಂಡುಗಳನ್ನು ಎಣಿಸುತ್ತದೆ. ನಡುವೆ ಒಂದು ತಪ್ಪಿದರೂ ಕೂಗೆಬ್ಬಿಸುತ್ತದೆ. ಆದರೆ ಅವು ಎಷ್ಟು ಬೇಗ ಬರುತ್ತಿವೆ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಅದನ್ನು ಅಳೆಯಲು ಇನ್ನೊಂದು ಗಡಿಯಾರ ಬೇಕು. ಡಬ್ಬಿಯೊಳಗೆ ಇರುವುದು ಒಂದೇ.

ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಭಂಡಾರಕ್ಕೆ ಹೋದಳು.

ಡಬ್ಬಿಯ ಹಲಗೆಯ ಮೇಲೆ ಅಕ್ಕಿಯ ನುಚ್ಚಿನಷ್ಟು ದೊಡ್ಡ ಹರಳೊಂದಿರುತ್ತದೆ. ಕರೆಂಟು ತಾಗಿದರೆ ಅದು ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಸಲ ನಡುಗುತ್ತದೆ. ಅಷ್ಟು ನಡುಕ ಎಣಿಸಿದ ಮೇಲೆ ಗಡಿಯಾರ ಒಂದು ಸೆಕೆಂಡಾಯಿತೆಂದು ತಿಳಿಯುತ್ತದೆ. ಹರಳನ್ನು ಕಿತ್ತು, ಆ ಜಾಗಕ್ಕೆ ತಾವೇ ಬೇರೆ ಯಂತ್ರದಿಂದ ನಡುಕ ಕೊಟ್ಟರೆ ಕಾಲ ತಮ್ಮ ಕೈಯಲ್ಲಿ.

"ಎಷ್ಟ ಜೋರ ಓಡಸಬಹುದು ಚಾಚಾ?"

ದಸ್ತಗೀರ ಚಾಚಾ ಗಡ್ಡ ನೀವಿಕೊಂಡರು. "ಮುನ್ನೂರ ಪಟ್ಟು. ಅದಕ್ಕಿಂತ ಜಾಸ್ತಿ ಆದ್ರ ಎಣಿಕಿ ತಪ್ಪತೈತಿ."

ಮಧುಮತಿ ಲೆಕ್ಕ ಹಾಕಿದಳು. ಹದಿನಾಲ್ಕು ವರ್ಷ ಓಡಲು ಹದಿನೇಳು ದಿನ ಬೇಕು. ಉಳಿದಿದ್ದವು ಇಪ್ಪತ್ತು. ನಡುಕ ಹುಟ್ಟಿಸುವ ಯಂತ್ರ ಭಂಡಾರದ ಸ್ವತ್ತು, ಹೊರಗೆ ಒಯ್ಯಲು ಮೂರು ಅರ್ಜಿ, ಎರಡು ಸಹಿ. ಅದಕ್ಕೇ ಒಂದೂವರೆ ದಿನ ಹಾಳಾಯಿತು. ಎಂಬತ್ತೆರಡನೆಯ ದಿನ ಬೆಳಿಗ್ಗೆ ಚಾಚಾ ನೀಲವ್ವನ ಕೋಣೆಯಲ್ಲಿ ಕಂಬಳಿ ಹಾಸಿ ಕೂತು ಹರಳು ಬಿಡಿಸಿ ತಂತಿ ಬೆಸೆದರು. ತಾರೀಕು ಹಿಂದಕ್ಕೆ ಹೋಯಿತು. ಡ್ರೈವರು ಒಳಗೆ ಬಂತು. ನಡುಕದ ಯಂತ್ರದ ಗುಂಡಿ ನಿಧಾನವಾಗಿ ತಿರುಗಿತು. ಪರದೆಯ ಮೂಲೆಯ ಗಡಿಯಾರ ನಡೆಯತೊಡಗಿತು, ಓಡತೊಡಗಿತು, ಆಮೇಲೆ ಅಂಕಿಗಳೇ ಕಾಣದಂತೆ ಹಾರತೊಡಗಿತು. ಕೆಂಪು ಅಕ್ಷರ ಬರಲಿಲ್ಲ.

"ಬಿಟ್ಟಿ ನೋಡ ಬೇಟಿ ಬಾಣ," ಎಂದರು ಚಾಚಾ. "ಇನ್ನ ಹದಿನೇಳ ದಿನ ಇದರ ಹತ್ರ ಯಾರೂ ಸೀನಬ್ಯಾಡ್ರಿ."

ಗಿರಣಿಯ ಮೋಟಾರು ಹಚ್ಚಿದರೆ ಮನೆಯ ದೀಪ ಮಿಣುಕುತ್ತಿತ್ತು. ಹಾಗಾಗಿ ಗಿರಣಿಯನ್ನೂ, ಖಾರದ ಕಲ್ಲನ್ನೂ ಮುಚ್ಚಬೇಕಾಯಿತು. ಜೋಳದ ಚೀಲ ಹೊತ್ತು ಬಂದವರು ಬಾಗಿಲಲ್ಲಿ ನಿಂತು ಗೊಣಗಿ ಹೋದರು. ನೀಲವ್ವನಿಗೆ ಗೊಣಗಿದ್ದು ಕೇಳಿಸದಿದ್ದರೂ ಮುಖ ಕಾಣುತ್ತಿತ್ತು.

ಕೋಣೆಯಲ್ಲಿ ಐದು ನಿಮಿಷಕ್ಕೊಂದು ದಿನ ಹುಟ್ಟಿ ಮುಳುಗುತ್ತಿತ್ತು. ಏಳು ಗಂಟೆಗೊಮ್ಮೆ ಡಬ್ಬಿ ಟಿಂಗ್ ಎಂದು, ಶ್ರುತಿ ಮಾಡಿಕೊಳ್ಳುವ ದಿನ ಬಂದಿದೆ ಎಂದು ನೆನಪಿಸುತ್ತಿತ್ತು. ಇನ್ನೊಂದು ಕಾಟವೆಂದರೆ ಹುಟ್ಟುಹಬ್ಬ. ಕಂಪನಿಯವರು ಪ್ರೀತಿಯಿಂದ ಇಟ್ಟ ಏರ್ಪಾಡು: ವರ್ಷಕ್ಕೊಮ್ಮೆ ಪರದೆಯ ತುಂಬ ಬಣ್ಣದ ಬಲೂನು ಹಾರಿ, ಹುಟ್ಟುಹಬ್ಬದ ಶುಭಾಶಯ ನೀಲವ್ವ ಎಂದು ಬರುತ್ತಿತ್ತು. ಈಗ ಅದು ಹೆಚ್ಚುಕಡಿಮೆ ದಿನವೂ ಬರತೊಡಗಿತು. ನಾಲ್ಕನೆಯ ಸಲ ಬಲೂನು ಹಾರಿದಾಗ ನೀಲವ್ವ ಕೈಮುಗಿದಳು. "ಸಾಕ ಮಾಡೋ ಮಾರಾಯಾ. ಇನ್ನೆಷ್ಟ ಸಲ ಹುಟ್ಟಲಿ?"

ಕಾವಲು ಪಾಳಿಯ ಮೇಲೆ ನಡೆಯಿತು. ಹಗಲು ನೀಲವ್ವ, ಸಂಜೆಯ ಮೇಲೆ ಮಧುಮತಿ. ಇಬ್ಬರ ನಡುವೆ ಮಾತು ಕಡಿಮೆ. ಕೇಳದವಳಿಗೆ ಹೇಳುವುದು ಕಷ್ಟ, ತಪ್ಪು ಮಾಡಿದವಳಿಗೆ ಬಾಯಿ ತೆರೆಯುವುದು ಕಷ್ಟ. ಆರನೆಯ ದಿನ ನೀಲವ್ವ ತಾನಾಗಿಯೇ ಒಂದು ಚೀಟಿ ತಂದು ಮಧುಮತಿಯ ಕೈಗಿಟ್ಟಳು. ಅದರಲ್ಲಿ ಒಂದು ತಾರೀಕು. ಒಂಬತ್ತು ವರ್ಷದ ಹಿಂದಿನದು, ದೊ‌ಡ್ಡಪ್ಪ ಚನ್ನವೀರಪ್ಪ ತೀರಿಕೊಂಡ ದಿನ.

"ಅದು ಬಂದಾಗ ಹೇಳು," ಎಂದಳು.

ತಾರೀಕು ಬಂದದ್ದು ಮರುದಿನ ಬೆಳಿಗ್ಗೆ, ಚಹಾ ಕುದಿಯುವ ಹೊತ್ತಿಗೆ. ಮಧುಮತಿ ಅವಳ ಭುಜ ಮುಟ್ಟಿದಳು. ನೀಲವ್ವ ಸೆರಗು ಹೊದ್ದು ಪರದೆಯ ಮುಂದೆ ಕೂತಳು. ಮೂಲೆಯ ಗಡಿಯಾರದಲ್ಲಿ ಗಂಟೆಗಳು ಉರುಳಿದವು. ದೊಡ್ಡಪ್ಪನ ಉಸಿರು ನಿಂತ ಮಧ್ಯಾಹ್ನದ ಮೂರು ಗಂಟೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು. ಐದು ನಿಮಿಷ ತುಂಬುವ ಮೊದಲೇ ತಾರೀಕು ಬದಲಾಯಿತು.

"ಆತು?" ಎಂದಳು ನೀಲವ್ವ. ಮಧುಮತಿ ತಲೆಯಾಡಿಸಿದಳು. "ಅವತ್ತು ಭಾಳ ಉದ್ದ ಇತ್ತು," ಎಂದು ಎದ್ದು ಹೋಗಿ ಉಕ್ಕುತ್ತಿದ್ದ ಚಹಾ ಇಳಿಸಿದಳು.

ಹದಿಮೂರನೆಯ ದಿನ ಡಬ್ಬಿಯ ಫ್ಯಾನು ಕಿರ್ರೆಂದು ನಿಂತುಹೋಯಿತು. ಒಳಗಿನ ಬಿಸಿ ಏರತೊಡಗಿತು. ಬಿಸಿ ಅತಿಯಾದರೆ ಡಬ್ಬಿ ತಾನಾಗಿ ಆರುತ್ತದೆ; ಆರಿದರೆ ಮತ್ತೆ ಹದಿನೇಳು ದಿನ ಬೇಕು, ಇದ್ದದ್ದು ಆರು. ಮಧುಮತಿ ಗಾಬರಿಯಾಗಿ ಸ್ಕ್ರೂ ತಿರುಗಣಿಗಾಗಿ ತಡಕಾಡುವಾಗ ನೀಲವ್ವ ಅಡುಗೆಮನೆಯಿಂದ ಮೊರ ಹಿಡಿದು ಬಂದು ತೆರೆದ ಡಬ್ಬಿಗೆ ಗಾಳಿ ಹಾಕತೊಡಗಿದಳು. ದಸ್ತಗೀರ ಚಾಚಾ ಹೊಸ ಫ್ಯಾನು ಹಿಡಿದು ಬರಲು ಎರಡೂವರೆ ಗಂಟೆ. ಅಷ್ಟು ಹೊತ್ತೂ ಮುದುಕಿ ಕೈ ನಿಲ್ಲಿಸಲಿಲ್ಲ, ಮಧುಮತಿ ಮೊರ ಕೇಳಿದರೆ ಕೊಡಲೂ ಇಲ್ಲ.

"ನೀ ಬೀಸಿದ್ರ ಅಡ್ಡಾದಿಡ್ಡಿ. ಇದು ಕೇರೂ ಕೈಯಲ್ಲ," ಎಂದಳು.

ಚಾಚಾ ಓಡುವ ಡಬ್ಬಿಗೇ ಫ್ಯಾನು ಬದಲಿಸಿ ಮುಗಿಸಿ ಬೆವರೊರೆಸಿಕೊಂಡಾಗ ಒಳಗೆ ಎರಡೂವರೆ ಗಂಟೆಗೆ ಒಂದು ತಿಂಗಳು ಕಳೆದಿತ್ತು.

ತೊಂಬತ್ತೊಂಬತ್ತನೆಯ ದಿನ ಮಧ್ಯಾಹ್ನ ಡಬ್ಬಿಯ ಕಾಲ ಹೊರಗಿನ ಕಾಲದ ಬೆನ್ನು ಹಿಡಿಯಿತು. ಮಧುಮತಿ ಗುಂಡಿಯ ಮೇಲೆ ಬೆರಳಿಟ್ಟು ಹಂತಹಂತವಾಗಿ ವೇಗ ಇಳಿಸಿದಳು. ಹಾರುತ್ತಿದ್ದ ಅಂಕಿ ಓಡಿದವು, ನಡೆದವು. ಕೊನೆಗೆ ಎರಡು ಗಡಿಯಾರ ಒಂದೇ ಉಸಿರು ಹಿಡಿದು ಹೆಜ್ಜೆ ಹಾಕತೊಡಗಿದಾಗ ಅವಳ ಬೆನ್ನೆಲ್ಲ ಒದ್ದೆಯಾಗಿತ್ತು. ಬಿಲ್ಲೆಯನ್ನು ದೊಡ್ಡವ್ವನ ಕಿವಿಯ ಹಿಂದೆ ಒತ್ತಿದಳು.

ಕಿವಿಕಾಳು ಬಾಯಿ ಬಿಟ್ಟಿತು.

"ಯಾ ಅಲ್ಲಾ!" ಎಂದರು ಚಾಚಾ.

ಶ್ರುತಿ ಮಾಡುವುದೆಂದರೆ ಇಪ್ಪತ್ತೆರಡು ಸ್ವರ. ಒಂದೊಂದು ಸ್ವರ ಕೇಳಿಸಿದೊಡನೆ ನೀಲವ್ವ ಬೆರಳೆತ್ತಬೇಕು. ಮೊದಲನೆಯದಕ್ಕೆ ಎತ್ತಿದಳು. ಎರಡು, ಮೂರು, ಹತ್ತು, ಹದಿನೈದು. ಹತ್ತೊಂಬತ್ತಕ್ಕೂ ಎತ್ತಿದಳು. ಇಪ್ಪತ್ತನೆಯದಕ್ಕೆ ಬೆರಳು ಏಳಲಿಲ್ಲ. ಮಧುಮತಿ ಸದ್ದು ಏರಿಸಿದಳು. ಇನ್ನೂ ಏರಿಸಿದಳು. ನೀಲವ್ವ ಬೆರಳನ್ನು ತೊಡೆಯ ಮೇಲೆ ಸಿದ್ಧವಾಗಿಟ್ಟುಕೊಂಡು, ಪಾಠ ಮರೆತ ಮಗುವಿನಂತೆ ಮಧುಮತಿಯ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತೊಂದು ಬರಲಿಲ್ಲ. ಇಪ್ಪತ್ತೆರಡು ಬರಲಿಲ್ಲ. ಇಷ್ಟು ದಿನ ಯಾರೂ ಮಾತಾಡಿಸದ ಆ ಮೂರು ಕಡೆ ನರ ಮುಖ ತಿರುಗಿಸಿತ್ತು.

ಮಧುಮತಿ ಎದ್ದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತಳು. ಹದಿನಾಲ್ಕು ವರ್ಷವನ್ನು ಎಳೆದು ತಂದರೂ ಪೂಜೆಯ ಆ ಒಂದು ದಿನವನ್ನು ತರಲಾಗಲಿಲ್ಲವಲ್ಲ ಎಂದು ಹಲ್ಲು ಕಚ್ಚಿದಳು. ತಾನು ಅಳುತ್ತಿರುವುದು ಸಿಟ್ಟಿಗೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ. ಇನ್ನು ತೊಂಬತ್ತು ದಿನ. ಅಷ್ಟರೊಳಗೆ ಈ ಸಹಿಯ ಅವಧಿಯ ಹಂಗಿಲ್ಲದ ಡ್ರೈವರೊಂದನ್ನು ಬರೆಯದಿದ್ದರೆ, ಒಂದು ಫ್ಯಾನು ನಿಂತರೆ, ಒಂದು ತಂತಿ ಸಡಿಲವಾದರೆ ಮತ್ತೆ ಇದೇ ಪಾಡು. ಹೋಗುವ ಮುನ್ನ ಚಾಚಾ ಕಿವಿಕಾಳಿಗೂ ಕಾರ್ಡಿಗೂ ನಡೆದ ಅರ್ಧ ಗಂಟೆಯ ಮಾತುಕತೆಯನ್ನೆಲ್ಲ ದಾಖಲಿಸಿಕೊಂಡ ನೆನಪಿನ ಕಡ್ಡಿಯೊಂದನ್ನು ಅವಳ ಕೈಯಲ್ಲಿಟ್ಟು, "ಇದರಾಗ ಅರ್ಧಕ್ಕರ್ಧ ನನಗ ತಿಳಿವಲ್ದು. ನಾಳೆ ಕೂಡೋಣ," ಎಂದಿದ್ದರು.

ಅಷ್ಟರಲ್ಲಿ ಗಿರಣಿಯ ಮೋಟಾರು ಗುಡುಗಿತು.

ಸುದ್ದಿ ಹೇಗೆ ಹರಡಿತೋ, ಬಾಗಿಲಲ್ಲಿ ಏಳೆಂಟು ಚೀಲ ಸಾಲುಗಟ್ಟಿದ್ದವು. ಮಧುಮತಿ ಬಾಗಿಲ ಚೌಕಟ್ಟಿಗೆ ಒರಗಿ ನೋಡಿದಳು. ನೀಲವ್ವ ಮೊದಲ ಚೀಲದಿಂದ ಒಂದಿಷ್ಟು ಜೋಳ ಸುರುವಿ, ಕಲ್ಲಿಗೆ ಬೆನ್ನು ಮಾಡಿ ನಿಂತಿದ್ದಳು. ಹಕ್ಕಿಯಂತೆ ತಲೆಯನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ಎಲ್ಲೋ ಏನೋ ಕಡಿಮೆ ಇದೆ, ಎಲ್ಲಿಟ್ಟೆನೆಂದು ಹುಡುಕುವ ಹಾಗೆ.

ನೀಲವ್ವ ತಿರುಗಿದಳು. ಹಿಟ್ಟನ್ನು ಮುಟ್ಟಲೂ ಇಲ್ಲ, ಮೂಸಲೂ ಇಲ್ಲ. ಕಲ್ಲಿನ ಹಿಡಿಕೆಯನ್ನು ಅರ್ಧ ಸುತ್ತು ಸಡಿಲಿಸಿ, ಚೀಲದ ಒಡತಿಯ ಕಡೆ ಕಣ್ಣು ಕೆಕ್ಕರಿಸಿದಳು.

"ಜೋಳಾ ಒಣಗಸಿಲ್ಲ ನೀನು."

"ಅಯ್ಯ, ಎರಡ ದಿನಾ ಬಿಸಲಿಗೆ ಹಾಕೀನ್ರಿ ಯಕ್ಕಾ!"

"ಹಸಿ ಅದಾವು. ಕಲ್ಲು ಬಡಕೊಳ್ಳಾಕತ್ತೈತಿ."

ಆ ಹೆಂಗಸು ಚೀಲದೊಳಗೆ ಕೈ ಹಾಕಿದಳು. ತಳದವರೆಗೂ ಹಾಕಿದಳು; ತಳದ ಕಾಳು ತಣ್ಣಗೆ ಬೆರಳಿಗಂಟಿದವು. ಆಮೇಲೆ ಸಾಲಿನಲ್ಲಿ ನಿಂತ ಉಳಿದವರನ್ನು ಒಮ್ಮೆ ನೋಡಿ, ಸುಮ್ಮನೆ ಚೀಲದ ಬಾಯಿ ಕಟ್ಟತೊಡಗಿದಳು.